ದೋಣಿಮಲೈ ಗಣಿಸೀಮೆಯ ಕೆಲಸದ ಇಂಗ್ಲಿಷ್

ಬಳ್ಳಾರಿ ಜಿಲ್ಲೆಯ ಸಂಡೂರು ತಾಲ್ಲೂಕಿನ ದೋಣಿಮಲೈ ಕಬ್ಬಿಣದ ಅದಿರಿಗೆ ಹೆಸರಾದ ಊರು. ಅಲ್ಲಿಯ ಗಣಿ ಮತ್ತು ಟೌನ್‌ಶಿಪ್, ಅದಿರು ತುಂಬಿಸಿಕೊಳ್ಳುವ ರೈಲ್ವೆ ಸೈಡಿಂಗ್, ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ಹೊಸಪೇಟೆಯ ಲಾರಿ ಕಚೇರಿಗಳು, ಇಷ್ಟರ ನಡುವೆ ದಿನವೂ ಬಳಕೆಯಾಗುವ ವ್ಯವಹಾರದ ಇಂಗ್ಲಿಷನ್ನು ಈ ಲೇಖನದಲ್ಲಿ ಕೆಲಸದ ಇಂಗ್ಲಿಷ್ ಎಂದು ಕರೆದಿದೆ. ಇದನ್ನು ಕಲಿಸಲು ಹೊರಟವರು ಸಾಮಾನ್ಯವಾಗಿ ಮಾಡುವ ಮೊದಲ ಕೆಲಸ ಪದಪಟ್ಟಿ ಹಂಚುವುದು. ಎರಡನೆಯದು, ಕಾರ್ಪೊರೇಟ್ ಸಭೆಗಳಲ್ಲಿ ಕೇಳಿಬರುವ ನುಡಿಗಟ್ಟುಗಳನ್ನು ಬಾಯಿಪಾಠ ಮಾಡಿಸುವುದು. ಈ ಸೀಮೆಯ ಬಳಕೆಯನ್ನು ಗಮನಿಸಿದರೆ ಎರಡೂ ಗುರಿ ತಪ್ಪಿವೆ ಎನ್ನಬೇಕಾಗುತ್ತದೆ. ಐಟಿಐ, ಡಿಪ್ಲೊಮಾ ಅಥವಾ ಎಂಜಿನಿಯರಿಂಗ್ ಮುಗಿಸಿ ಗಣಿಗೆ ಸೇರುವ ಕನ್ನಡಿಗನ ಬಾಯಲ್ಲಿ ಇಂಗ್ಲಿಷ್ ನಾಮಪದಗಳು ಧಾರಾಳವಾಗಿವೆ. ಅವನು ತಡವರಿಸುವುದು ಆ ಪದಗಳನ್ನು ಹೊತ್ತು ನಡೆಯಬೇಕಾದ ಕ್ರಿಯಾಪದದಲ್ಲಿ, ಕೋರಿಕೆ ನಿರಾಕರಣೆಗಳ ಧಾಟಿಯಲ್ಲಿ, ಪರಿಚಿತ ಪದಕ್ಕಿರುವ ಅಪರಿಚಿತ ಅರ್ಥದಲ್ಲಿ. ಹೀಗಾಗಲು ಕಾರಣ ಇಂಗ್ಲಿಷ್ ಈ ಬೆಟ್ಟಸಾಲಿಗೆ ಬಂದ ದಾರಿಯಲ್ಲಿದೆ.

ಆ ದಾರಿಯನ್ನು ತಿಳಿಯಲು ಕೋಲಾರದ ಚಿನ್ನದ ಗಣಿಯನ್ನು ಪಕ್ಕಕ್ಕಿಟ್ಟು ನೋಡಬೇಕು. ಅಲ್ಲಿ 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕಾಲಿಟ್ಟಾಗ ಇಂಗ್ಲಿಷ್ ಮಾತಾಡುವ ಮನುಷ್ಯರೇ ಬಂದರು. ಕಾರ್ನ್‌ವಾಲಿನ ಗಣಿಗಾರರು, ಆಮೇಲೆ ಆಂಗ್ಲೋ ಇಂಡಿಯನ್ ಕುಟುಂಬಗಳು, ಕ್ಲಬ್ಬು, ಚರ್ಚು, ಶಾಲೆ ಎಲ್ಲವೂ ಸೇರಿ ಇಂಗ್ಲಿಷ್ ಬೀದಿಯಲ್ಲೂ ಕಿವಿಗೆ ಬೀಳುವಂತಾಯಿತು. ಸಂಡೂರಿನ ಕಥೆ ಬೇರೆ. ಘೋರ್ಪಡೆ ಮನೆತನದ ಈ ಪುಟ್ಟ ಸಂಸ್ಥಾನದಲ್ಲಿ 20ನೇ ಶತಮಾನದ ಮೊದಲ ದಶಕದಲ್ಲೇ ಮ್ಯಾಂಗನೀಸ್ ತೆಗೆಯಲು ತೊಡಗಿದ ಕಂಪನಿ ಬೆಲ್ಜಿಯಂ ಮೂಲದ್ದು. ಸಂಸ್ಥಾನ 1949ರಲ್ಲಿ ಮದ್ರಾಸ್ ಪ್ರಾಂತ್ಯದಲ್ಲಿ ವಿಲೀನವಾಯಿತು, 1953ರಲ್ಲಿ ಬಳ್ಳಾರಿಯ ಜೊತೆ ಮೈಸೂರು ರಾಜ್ಯಕ್ಕೆ ಸೇರಿತು. ಸಂಡೂರು ಮ್ಯಾಂಗನೀಸ್ ಅಂಡ್ ಐರನ್ ಓರ್ಸ್ ಕಂಪನಿ ಹುಟ್ಟಿದ್ದು 1954ರಲ್ಲಿ. ಕೇಂದ್ರ ಸರ್ಕಾರ 1958ರಲ್ಲಿ ಸ್ಥಾಪಿಸಿದ ಎನ್‌ಎಂಡಿಸಿ ದೋಣಿಮಲೈ ಗಣಿಯನ್ನು 1977ರಲ್ಲಿ ಚಾಲೂ ಮಾಡಿತು. ಅಷ್ಟು ಹೊತ್ತಿಗೆ ಇಂಗ್ಲಿಷರು ಹೋಗಿ ಮೂವತ್ತು ವರ್ಷ. ಇಲ್ಲಿಗೆ ಇಂಗ್ಲಿಷ್ ಬಂದದ್ದು ಯಂತ್ರದ ಕೈಪಿಡಿಯಲ್ಲಿ, 1952ರ ಗಣಿ ಕಾಯ್ದೆಯಲ್ಲಿ, 1961ರ ಲೋಹ ಗಣಿಗಳ ನಿಯಮಾವಳಿಯಲ್ಲಿ, ಟೆಂಡರ್ ಕಾಗದದಲ್ಲಿ, ಹಾಜರಿ ಪುಸ್ತಕದ ಕಲಮಿನಲ್ಲಿ. ಅದನ್ನು ತಂದ ಎಂಜಿನಿಯರುಗಳೂ ಮನೆಯಲ್ಲಿ ತೆಲುಗು, ತಮಿಳು, ಹಿಂದಿ, ಬಂಗಾಳಿ ಆಡುವವರು. ಯಾರಿಗೂ ತಾಯಿನುಡಿಯಲ್ಲದ, ಕಾಗದದ ಮೂಲಕವೇ ಇಳಿದುಬಂದ ಭಾಷೆಯಲ್ಲಿ ವಸ್ತುವಿನ ಹೆಸರು ಮೊದಲು ಉಳಿಯುತ್ತದೆ. ಮಾತಿನ ವರಸೆ ಉಳಿಯುವುದು ಕಷ್ಟ.

ಉಳಿದ ಹೆಸರುಗಳನ್ನು ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ. ಕೆಲಸಕ್ಕೆ ಹೋಗುವುದು ‘ಡ್ಯೂಟಿ’ಗೆ, ಅದು ಫಸ್ಟ್ ಶಿಫ್ಟ್, ಸೆಕೆಂಡ್ ಶಿಫ್ಟ್, ನೈಟ್ ಶಿಫ್ಟ್ ಅಥವಾ ಜನರಲ್. ಗುಡ್ಡವನ್ನು ಮೆಟ್ಟಿಲಾಗಿ ಕಡಿದರೆ ಬೆಂಚು, ಅಲ್ಲಿಂದ ಇಳಿಯುವ ದಾರಿ ಹಾಲ್ ರೋಡು. ಶಾವೆಲ್ ತುಂಬುತ್ತದೆ, ಡಂಪರ್ ಹೊರುತ್ತದೆ, ಕ್ರಷರ್ ಪುಡಿಮಾಡುತ್ತದೆ, ಜರಡಿ ಹಿಡಿದ ಮೇಲೆ ದಪ್ಪದ್ದು ಲಂಪ್ಸ್, ಸಣ್ಣದು ಫೈನ್ಸ್. ಅದಿರಿನ ಮೇಲಿನ ಬೇಡದ ಮಣ್ಣು ‘ಓಬಿ’. ಮನುಷ್ಯರೂ ಹೀಗೆಯೇ: ಮೇಟ್, ಬ್ಲಾಸ್ಟರ್, ಫೋರ್‌ಮನ್, ಆಪರೇಟರ್, ಹೆಲ್ಪರ್, ಶಿಫ್ಟ್ ಇನ್‌ಚಾರ್ಜ್. ಇವುಗಳಲ್ಲಿ ಮೊದಲ ಮೂರು ಗಣಿ ನಿಯಮಾವಳಿಯೇ ಹೆಸರಿಸುವ, ಪ್ರಮಾಣಪತ್ರವಿದ್ದವರಿಗಷ್ಟೇ ಸಲ್ಲುವ ಹುದ್ದೆಗಳು. ಆದರೆ ಈ ಪದಗಳಿಗೆ ಬೆನ್ನೆಲುಬಾಗಿರುವ ಕ್ರಿಯಾಪದಗಳನ್ನು ಗಮನಿಸಿ. ಡ್ಯೂಟಿ ‘ಮಾಡು’, ಓಟಿ ‘ಹೊಡಿ’, ಲೀವ್ ‘ಹಾಕು’, ಮೆಮೊ ‘ಕೊಡು’, ಬಿಲ್ ಪಾಸ್ ‘ಆಗು’, ಗಾಡಿ ಬ್ರೇಕ್‌ಡೌನ್ ‘ಆಗು’, ಶಟ್‌ಡೌನ್ ‘ತಗೊ’. ಕನ್ನಡದ ಆರೇಳು ಧಾತುಗಳು ಇಡೀ ಗಣಿಯನ್ನು ಹೊತ್ತಿವೆ. ಇದು ಹೊಸ ಏರ್ಪಾಡೂ ಅಲ್ಲ. ಇಂಗ್ಲಿಷಿಗೆ ಮುಂಚೆ ಇದೇ ಜಾಗದಲ್ಲಿ ಪರ್ಷಿಯನ್, ಮರಾಠಿ, ಪೋರ್ಚುಗೀಸ್ ಮೂಲದ ಕಚೇರಿ ಪದಗಳಿದ್ದವು. ಹಾಜರಿ ಹಾಕುತ್ತಿದ್ದವರು ಅಟೆಂಡೆನ್ಸ್ ಹಾಕತೊಡಗಿದರು, ರುಜು ಹಾಕುತ್ತಿದ್ದವರು ಸೈನ್ ಹಾಕತೊಡಗಿದರು, ಪಗಾರ ಆಗುತ್ತಿದ್ದುದು ಪೇಮೆಂಟ್ ಆಯಿತು, ರವಾನೆ ಹೋಗಿ ಡಿಸ್ಪ್ಯಾಚ್ ಬಂತು. ಆಳುವವರು ಬದಲಾದಂತೆ ನಾಮಪದ ಬದಲಾಯಿತು, ‘ಹಾಕು’ ಮತ್ತು ‘ಆಗು’ ಕದಲಲಿಲ್ಲ.

ಕನ್ನಡದ ದೃಷ್ಟಿಯಿಂದ ಇದು ಭಾಷೆಯ ಗಟ್ಟಿತನ. ಇಂಗ್ಲಿಷ್ ಕಲಿಯುವವನ ದೃಷ್ಟಿಯಿಂದ ಇದೇ ತೊಡಕು. ಅವನಿಗೆ ಬ್ರೇಕ್‌ಡೌನ್ ಗೊತ್ತು. ಯಂತ್ರ ಕೆಟ್ಟಿತು ಎಂದು ಇಂಗ್ಲಿಷಿನಲ್ಲಿ ಬರೆಯಬೇಕಾದಾಗ ಆ ಪದವನ್ನೇ ಬಿಡಿಸಿ ಕ್ರಿಯಾಪದವಾಗಿ ನಡೆಸಬೇಕು, ‘ಬ್ರೋಕ್ ಡೌನ್’ ಎನ್ನಬೇಕು. ಬದಲಿಗೆ ‘ಬ್ರೇಕ್‌ಡೌನ್ ಆಯಿತು’ ಎಂಬುದರ ನೆರಳಿನಲ್ಲಿ ‘ಬ್ರೇಕ್‌ಡೌನ್ ಹ್ಯಾಪನ್ಡ್’ ಎಂದು ಬರೆಯುತ್ತಾನೆ. ಹ್ಯಾಂಡೋವರ್, ಟೇಕೋವರ್, ಬ್ಯಾಕಪ್, ಸ್ಟ್ಯಾಂಡ್‌ಬೈ ಎಲ್ಲಕ್ಕೂ ಇದೇ ಗತಿ: ಇಂಗ್ಲಿಷಿನಲ್ಲಿ ಎರಡು ತುಂಡುಗಳ ಕ್ರಿಯಾಪದಗಳಾಗಿದ್ದವು ಇಲ್ಲಿ ಗಟ್ಟಿಯಾದ ಒಂದೊಂದು ನಾಮಪದವಾಗಿ ಕೂತಿವೆ. ಹೊರಗಿನ ಒಂದು ಹೋಲಿಕೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಯುರೋಪಿನ ಅಳತೆಯಲ್ಲಿ ಸಿ1 ಮಟ್ಟ ಮುಟ್ಟಿದ ಚೆಕ್ ಭಾಷಿಕನಿಗೂ ವ್ಯವಹಾರದ ಇಂಗ್ಲಿಷ್ ಕಾಡುತ್ತದೆ, ಆದರೆ ಕಾಟದ ಜಾಗ ಬೇರೆ. ಚೆಕ್ ಭಾಷೆಯ ‘ಎವೆಂಟುವಾಲ್ನೆ’ ಎಂದರೆ ಬೇಕಾದರೆ, ಸಾಧ್ಯವಾದರೆ ಎಂದರ್ಥ. ಅದರ ಸೋದರನಂತೆ ಕಾಣುವ ಇಂಗ್ಲಿಷ್ ‘ಈವೆಂಚುಯಲಿ’ಗೆ ಕಟ್ಟಕಡೆಗೆ ಎಂದರ್ಥ. ಲ್ಯಾಟಿನ್ ಮೂಲದಿಂದ ಎರಡೂ ಕಡೆ ಬಂದ ಪದಗಳ ಮೋಸ ಅದು. ಕನ್ನಡಿಗನಿಗೆ ಮೋಸ ಮಾಡುವುದು ಇಂಗ್ಲಿಷಿನಿಂದಲೇ ಬಂದು ಭಾರತದಲ್ಲಿ ಬೇರೆ ಅರ್ಥ ಪಡೆದ ಪದ. ‘ಪಾಸ್ ಔಟ್’ ಎಂದರೆ ಇಲ್ಲಿ ಕಾಲೇಜು ಮುಗಿಸುವುದು, ಬ್ರಿಟನ್ನಿನ ಕಚೇರಿಯಲ್ಲಿ ಸಾಮಾನ್ಯವಾಗಿ ಪ್ರಜ್ಞೆ ತಪ್ಪಿ ಬೀಳುವುದು. ‘ಡೌಟ್’ ಇಲ್ಲಿ ಬರೀ ಪ್ರಶ್ನೆ, ಅಲ್ಲಿ ಅಪನಂಬಿಕೆ. ‘ರಿವರ್ಟ್’ ಇಲ್ಲಿ ಉತ್ತರಿಸುವುದು, ಅಲ್ಲಿ ಹಿಂದಿನ ಸ್ಥಿತಿಗೆ ಮರಳುವುದು. ಪರದೇಶದ ಕಲಿಯುವವರಿಗೆಂದು ಬರೆದ ಪುಸ್ತಕಗಳು ಈ ಪದಗಳನ್ನು ಎಚ್ಚರಿಕೆಯ ಪಟ್ಟಿಗೆ ಸೇರಿಸುವುದಿಲ್ಲ, ಏಕೆಂದರೆ ಆ ಓದುಗರಿಗೆ ಇಂಥ ತೊಂದರೆಯೇ ಇಲ್ಲ.

ಗಣಿಯೊಳಗೆ ಪರಿಚಿತ ಪದದ ಅಪರಿಚಿತ ಅರ್ಥ ಮಾತಿನ ನಯಕ್ಕಷ್ಟೇ ಸಂಬಂಧಿಸಿದ್ದಲ್ಲ. ‘ನಿಯರ್ ಮಿಸ್’ ಸುರಕ್ಷತಾ ವರದಿಯ ಮುಖ್ಯ ಪದ: ಅಪಘಾತ ಆಗಿಯೇಬಿಡುತ್ತಿತ್ತು, ಕೂದಲೆಳೆಯಲ್ಲಿ ತಪ್ಪಿತು, ಯಾರಿಗೂ ಏಟಾಗಲಿಲ್ಲ ಎಂದು ಅದರ ಅರ್ಥ. ಎರಡು ತುಂಡುಗಳನ್ನೂ ಬಲ್ಲವನು ಕೂಡಿಸಿ ಓದಿದರೆ ‘ಹತ್ತಿರದ ತಪ್ಪು’ ಎಂದಾಗಿ, ವರದಿ ಮಾಡಿದರೆ ತಪ್ಪು ತನ್ನ ತಲೆಗೆ ಬಂದೀತು ಎಂದು ಸುಮ್ಮನಾಗುವ ಸಾಧ್ಯತೆಯಿದೆ. ‘ಲಾಕೌಟ್’ ಇನ್ನೂ ಸ್ವಾರಸ್ಯದ್ದು. 1947ರ ಕೈಗಾರಿಕಾ ವಿವಾದ ಕಾಯ್ದೆಯ ಲಾಕೌಟ್ ಎಂದರೆ ಮಾಲೀಕ ಕಾರ್ಖಾನೆಗೆ ಬೀಗ ಹಾಕುವುದು, ಯೂನಿಯನ್ ಭಾಷಣಗಳಲ್ಲಿ ಸಿಟ್ಟಿನಿಂದ ಆಡುವ ಪದ. ಕನ್ವೇಯರ್ ರಿಪೇರಿಗೆ ಇಳಿಯುವವನ ಲಾಕೌಟ್ ಎಂದರೆ ವಿದ್ಯುತ್ ಸ್ವಿಚ್ಚಿಗೆ ತನ್ನದೇ ಬೀಗ ಜಡಿದು, ತಾನು ಹೊರಬರುವ ತನಕ ಯಾರೂ ಬೆಲ್ಟ್ ಓಡಿಸದಂತೆ ಮಾಡುವುದು, ಅವನ ಜೀವ ಕಾಯುವ ಪದ. ‘ಹೌಸ್‌ಕೀಪಿಂಗ್’ ಮನೆಗೆಲಸ ಆಗದೆ ಪ್ಲಾಂಟಿನ ನೆಲದಲ್ಲಿ ಎಣ್ಣೆ, ತುಂಡು ಕಬ್ಬಿಣ, ವೈರು ಬಿದ್ದಿರದಂತೆ ನೋಡಿಕೊಳ್ಳುವುದಾಗುತ್ತದೆ. ‘ಟೂಲ್‌ಬಾಕ್ಸ್ ಟಾಕ್’ನಲ್ಲಿ ಸ್ಪ್ಯಾನರಿನ ಮಾತೇ ಬರದಿರಬಹುದು; ಅದು ಶಿಫ್ಟಿಗೆ ಮುಂಚಿನ ಐದು ನಿಮಿಷದ ಎಚ್ಚರಿಕೆಯ ಮಾತು. ನುಡಿಗಟ್ಟು ಎಂದರೆ ಬಿಡಿ ಪದಗಳಿಂದ ಅರ್ಥ ಹೊರಡದ ಜೋಡಣೆ ಎಂದಾದರೆ, ಈ ಸೀಮೆಯ ಕೆಲಸಗಾರ ಮೊದಲು ಕಲಿಯಬೇಕಾದ ಇಂಗ್ಲಿಷ್ ನುಡಿಗಟ್ಟುಗಳು ಇವು. 1946ರ ಸ್ಥಾಯಿ ಆದೇಶಗಳ ಕಾಯ್ದೆ ಕೆಲಸದ ನಿಬಂಧನೆಗಳನ್ನು ಇಂಗ್ಲಿಷಿನ ಜೊತೆಗೆ ಬಹುಪಾಲು ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲೂ ಗೋಡೆಗೆ ಹಚ್ಚಬೇಕೆಂದು ಹೇಳುತ್ತಿತ್ತು. ಒಳ್ಳೆಯ ನಿಯಮ. ಆದರೆ ನಿಬಂಧನೆಯನ್ನು ಅನುವಾದಿಸಬಹುದು, ದಿನದ ಮಾತಿನಲ್ಲಿ ಕನ್ನಡದ ವೇಷ ತೊಟ್ಟು ಓಡಾಡುವ ಇಂಗ್ಲಿಷ್ ಜೋಡಿಪದಕ್ಕೆ ಅರ್ಥ ಬರೆದು ಹಚ್ಚುವ ಗೋಡೆ ಎಲ್ಲೂ ಇಲ್ಲ.

ಕಚೇರಿಯ ಕಡೆ ಬಂದರೆ ಕಾನೂನು ಮತ್ತು ಸಾಗಣೆಯ ನುಡಿಗಟ್ಟುಗಳು ಸಿಗುತ್ತವೆ. ತೋರಣಗಲ್ಲಿನಿಂದ ರಣಜಿತ್‌ಪುರದ ಕಡೆಗೆ ಹೋಗುವ ಹಳಿಯ ಮೇಲೆ ರೇಕು, ಅಂದರೆ ವ್ಯಾಗನ್ನುಗಳ ಸಾಲು, ಬಂದು ನಿಂತರೆ ತುಂಬಲು ಇಷ್ಟು ಗಂಟೆ ಎಂದು ಗಡುವಿದೆ. ದಾಟಿದರೆ ವ್ಯಾಗನ್ನಿಗೆ ಇಷ್ಟು, ಗಂಟೆಗೆ ಇಷ್ಟು ಎಂದು ರೈಲ್ವೆ ಡೆಮರೇಜ್ ಹಾಕುತ್ತದೆ. ಸರಕು ಯಾರ್ಡಿನಲ್ಲೇ ಉಳಿದರೆ ಬೀಳುವುದು ವಾರ್ಫೇಜ್. ಇವೆರಡನ್ನು ಬೆರೆಸಿ ಬರೆದ ಪತ್ರ ಹಣ ಕಳೆಯುತ್ತದೆ. ಹಳೆಯ ಯಂತ್ರಗಳ ಹರಾಜಿನಲ್ಲಿ ‘ಆಸ್ ಈಸ್ ವೇರ್ ಈಸ್’ ಎಂಬ ನಾಲ್ಕು ಸಣ್ಣ ಪದಗಳಿಗೆ, ಇದ್ದ ಸ್ಥಿತಿಯಲ್ಲಿ, ಇದ್ದ ಜಾಗದಿಂದ, ಸಾಗಿಸುವ ಖರ್ಚೂ ಕೆಟ್ಟರೆ ಬರುವ ನಷ್ಟವೂ ಕೊಂಡವನದೇ ಎಂಬ ಉದ್ದದ ಅರ್ಥವಿದೆ. ‘ಸಬ್ಜೆಕ್ಟ್ ಟು’ ಎಂದು ಶುರುವಾದ ವಾಕ್ಯ ಒಪ್ಪಿಗೆಯಂತೆ ಕಂಡರೂ ಷರತ್ತು ಬಾಕಿಯಿರುವ ಒಪ್ಪಿಗೆ. ದೋಣಿಮಲೈ ಗಣಿಯೇ ಇಂಥ ಒಂದು ಪದದ ಕೈಗೆ ಸಿಕ್ಕಿಕೊಂಡಿತ್ತು. 2018ರ ನವೆಂಬರಿನಲ್ಲಿ ಗುತ್ತಿಗೆ ಅವಧಿ ಮುಗಿದಾಗ, ಅದನ್ನು ವಿಸ್ತರಿಸಲು ರಾಜ್ಯ ಸರ್ಕಾರ ಸರಾಸರಿ ಮಾರಾಟ ಬೆಲೆಯ ಶೇ. 80ರಷ್ಟು ಪ್ರೀಮಿಯಂ ಷರತ್ತು ಹಾಕಿತು. ಎನ್‌ಎಂಡಿಸಿ ಒಪ್ಪದೆ ಕೆಲಸ ನಿಲ್ಲಿಸಿತು. ಅದು ಮತ್ತೆ ಶುರುವಾದದ್ದು 2021ರ ಫೆಬ್ರುವರಿಯಲ್ಲಿ, ಶೇ. 22.5ರ ಲೆಕ್ಕಕ್ಕೆ ಬಂದ ಮೇಲೆ. ವಿಮೆಯ ಕಂತನ್ನೋ ದುಬಾರಿ ಅಂಗಡಿಯ ಸರಕನ್ನೋ ನೆನಪಿಸುವ ಪ್ರೀಮಿಯಂ ಎಂಬ ಪದ ಎರಡು ವರ್ಷಕ್ಕೂ ಮೀರಿ ಒಂದು ಊರಿನ ಕೆಲಸವನ್ನು ತಡೆದು ನಿಲ್ಲಿಸಿತ್ತು.

ಈ ಸೀಮೆ ಇಂಗ್ಲಿಷನ್ನು ಪಡೆದುಕೊಂಡಿದೆ ಎಂದಷ್ಟೇ ಹೇಳಿದರೆ ಅನ್ಯಾಯವಾದೀತು, ತನ್ನದೇ ಟಂಕಸಾಲೆಯನ್ನೂ ಇಟ್ಟುಕೊಂಡಿದೆ. ಚೀನಾದ ಬೇಡಿಕೆಯಿಂದ ಅದಿರಿನ ಬೆಲೆ ನೆಗೆದ 2003ರ ಆಚೀಚಿನ ವರ್ಷಗಳಿಂದ ‘ಫ್ಲೋಟ್ ಓರ್’ ಎಂಬುದು ರೈತರ ಬಾಯಿಗೂ ಬಂತು. ಬೆಟ್ಟದಿಂದ ಉರುಳಿ ಹೊಲದ ಮಣ್ಣಿನಲ್ಲಿ ಚದುರಿದ ಅದಿರು ಅದು. ಪರ್ಮಿಟ್, ಓವರ್‌ಲೋಡ್, ಟ್ರಿಪ್ ಶೀಟ್ ಹೊಸಪೇಟೆಯ ಹೋಟೆಲ್ ಮೇಜಿನ ಮಾತಾದವು. ನ್ಯಾಯಮೂರ್ತಿ ಸಂತೋಷ ಹೆಗ್ಡೆಯವರ ಲೋಕಾಯುಕ್ತ ವರದಿ 2011ರ ಜುಲೈನಲ್ಲಿ ದಾಖಲಿಸಿದ ‘ಝೀರೋ ರಿಸ್ಕ್’ ಎಂಬ ಪದಗುಚ್ಛ ಯಾವ ಬಿಸಿನೆಸ್ ಶಾಲೆಯ ಪುಸ್ತಕದಿಂದಲೂ ಬಂದದ್ದಲ್ಲ: ಪರವಾನಗಿಯಿಲ್ಲದ ಅದಿರನ್ನು ಯಾರೂ ತಡೆಯದಂತೆ ದಾಟಿಸಿಕೊಡುವ ವ್ಯವಸ್ಥೆಗೆ ಅದು ಹೆಸರು. 2013ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಗಣಿಗಳ ಎ, ಬಿ, ಸಿ ವಿಂಗಡಣೆಯನ್ನು ಒಪ್ಪಿ ಕೊನೆಯ ಗುಂಪಿನ ಗುತ್ತಿಗೆ ರದ್ದು ಮಾಡಿದ ಮೇಲೆ ‘ಸಿ ಕೆಟಗರಿ’ಗೆ ಒಂದು ಕಳಂಕದ ಧ್ವನಿ ಅಂಟಿತು. ಇಷ್ಟಾದರೂ ಗಮನಿಸಬೇಕಾದ್ದು ಒಂದಿದೆ: ಸ್ಥಳೀಯವಾಗಿ ಹುಟ್ಟಿದವೂ ನಾಮಪದಗಳೇ.

ಈ ವಾದಕ್ಕೆ ಎದುರಾಗುವ ಆಕ್ಷೇಪಗಳಲ್ಲಿ ಮೊದಲನೆಯದು ಕನ್ನಡದ ಕಡೆಯಿಂದ ಬರುತ್ತದೆ. ಅದಿರು, ಗುತ್ತಿಗೆ, ರಾಜಧನ, ಪಾಳಿ ಎಂಬ ಪದಗಳು ಪತ್ರಿಕೆಯಲ್ಲಿ ಜೀವಂತವಾಗಿರುವಾಗ ಕೆಲಸದ ಇಂಗ್ಲಿಷನ್ನು ಶಾಸ್ತ್ರೀಯವಾಗಿ ಕಲಿಸುವುದಕ್ಕಿಂತ ಕೆಲಸವನ್ನೇ ಕನ್ನಡಕ್ಕೆ ತರಬೇಕಲ್ಲವೇ? ರಾಜ್ಯದ ಕಚೇರಿಗಳ ಮಟ್ಟಿಗೆ 1963ರ ರಾಜಭಾಷಾ ಕಾಯ್ದೆಯ ಬೆಂಬಲವಿರುವ ನ್ಯಾಯವಾದ ಬೇಡಿಕೆ ಅದು, ಅದಿರು ಎಂಬ ಪದ ಗಣಿಯ ಒಳಗೂ ಗೆದ್ದಿದೆ. ಆದರೆ ದೋಣಿಮಲೈ ಗಣಿ ಹೈದರಾಬಾದಿನ ಕೇಂದ್ರ ಕಚೇರಿಗೆ ಲೆಕ್ಕ ಒಪ್ಪಿಸುತ್ತದೆ, ಛತ್ತೀಸಗಢದ ಬೈಲಾಡಿಲಕ್ಕೂ ಇಲ್ಲಿಗೂ ನೌಕರರ ವರ್ಗಾವಣೆ ನಡೆಯುತ್ತದೆ. ಕನ್ನಡದ ಬಳಕೆ ಹೆಚ್ಚಿದಷ್ಟೂ ಇಂಗ್ಲಿಷಿನ ಅಗತ್ಯ ಪತ್ರ ಮತ್ತು ಒಪ್ಪಂದಗಳಿಗೆ ಸೀಮಿತವಾಗುತ್ತದೆಯೇ ಹೊರತು ಇಲ್ಲವಾಗುವುದಿಲ್ಲ. ಅಲ್ಲಿಯೇ ವಾಕ್ಯದ ಕೊರತೆ ಹೆಚ್ಚು ಕಾಣುವುದು. ಎರಡನೆಯದು, ಇಂಗ್ಲಿಷಿನ ಬದಲು ಹಿಂದಿ ಸಾಕಲ್ಲವೇ ಎಂಬ ಮಾತು. 1976ರ ರಾಜಭಾಷಾ ನಿಯಮಗಳಲ್ಲಿ ಕರ್ನಾಟಕ ಹಿಂದಿಯೇತರ ‘ಸಿ’ ವಲಯದಲ್ಲಿದೆ, ಆದರೂ ಕೇಂದ್ರದ ಉದ್ಯಮವಾದ್ದರಿಂದ ಫಲಕಗಳಲ್ಲಿ ಹಿಂದಿಯೂ ಇರುತ್ತದೆ. ಬಾಯಿಮಾತಿನ ಹಿಂದಿ ಶಾಪ್ ಫ್ಲೋರಿನಲ್ಲಿ ನಿಜಕ್ಕೂ ಕೆಲಸಕ್ಕೆ ಬರುತ್ತದೆ. ಆದರೆ ಅದರೊಳಗೂ ಶಿಫ್ಟ್, ಡಂಪರ್, ಬ್ರೇಕ್‌ಡೌನ್ ಹೀಗೆಯೇ ಕೂತಿವೆ, ‘ಕರ್ನಾ’ ಮತ್ತು ‘ಹೋನಾ’ ಎಂಬ ಧಾತುಗಳು ನಮ್ಮ ‘ಮಾಡು’, ‘ಆಗು’ಗಳ ಕೆಲಸವನ್ನೇ ಮಾಡುತ್ತವೆ, ಹಾಗಾಗಿ ಸಮಸ್ಯೆ ಭಾಷೆ ಬದಲಿಸಿ ಅಲ್ಲೇ ಕೂತಿರುತ್ತದೆ.

ಮೂರನೆಯ ಆಕ್ಷೇಪ ಹೆಚ್ಚು ಬಲವಾದದ್ದು. 1994ರಲ್ಲಿ ಜಿಂದಾಲ್ ವಿಜಯನಗರ ಸ್ಟೀಲ್ ಎಂಬ ಹೆಸರಿನಲ್ಲಿ ಹುಟ್ಟಿದ ತೋರಣಗಲ್ಲಿನ ಕಾರ್ಖಾನೆ ಆಸ್ಟ್ರಿಯಾದ ಕೋರೆಕ್ಸ್ ತಂತ್ರಜ್ಞಾನದಿಂದ ಶುರುವಾಯಿತು. ಜಪಾನಿನ ಜೆಎಫ್‌ಇ ನಂತರ ಅದರಲ್ಲಿ ಪಾಲು ಹಿಡಿಯಿತು. ಅಂಥ ಕಡೆ ಅಂತಾರಾಷ್ಟ್ರೀಯ ಸಭೆಗಳ ನುಡಿಗಟ್ಟು ಬೇಡವೇ? ಬೇಕಾದೀತು, ಆದರೆ ಕೊಟ್ಟಷ್ಟು ಮಹತ್ವ ಅದಕ್ಕೆ ಸಲ್ಲದು. ಆಸ್ಟ್ರಿಯನ್ನರಿಗೂ ಜಪಾನಿಯರಿಗೂ ಇಂಗ್ಲಿಷ್ ಕಲಿತ ಭಾಷೆಯೇ. ಎರಡೂ ಕಡೆಯವರಿಗೆ ಪರಭಾಷೆಯಾದಾಗ ಅಲಂಕಾರದ ನುಡಿಗಟ್ಟು ಮೊದಲು ಉದುರುತ್ತದೆ. ಸರಳ ವಾಕ್ಯ, ಸರಿಯಾದ ಕಾಲರೂಪ, ಸ್ಪಷ್ಟವಾದ ಹೌದು ಇಲ್ಲಗಳು ಉಳಿಯುತ್ತವೆ. ಇಂಗ್ಲಿಷ್ ವ್ಯವಹಾರದ ನುಡಿಗಟ್ಟುಗಳಲ್ಲಿ ಹಲವು ಗಣಿ ಮತ್ತು ಕುಲುಮೆಯಿಂದಲೇ ಹೊರಟಿವೆ ಎನ್ನುವುದು ಬೇರೆ ತಮಾಷೆ. ಯೋಜನೆ ಫಲಿಸಿತೇ ಎಂದು ಕೇಳುವ ‘ಪ್ಯಾನ್ ಔಟ್’ ಚಿನ್ನ ಸೋಸುವವರ ಬಾಣಲೆಯಿಂದ ಬಂದದ್ದು, ಅಧಿಕಾರವನ್ನು ‘ಅಂಡರ್‌ಮೈನ್’ ಮಾಡುವುದು ಗೋಡೆಯ ಅಡಿ ಸುರಂಗ ತೋಡಿದ ಸೈನಿಕರಿಂದ. ನಿಜವಾದ ಗಣಿಯಲ್ಲಿ ದುಡಿಯುವವನು ಅವನ್ನು ಹವಾನಿಯಂತ್ರಿತ ಕೊಠಡಿಯಲ್ಲಿ ಸ್ಲೈಡು ನೋಡಿ ಕಲಿಯಬೇಕಾಗಿದೆ.

ಸಭೆಯ ನುಡಿಗಟ್ಟಿಗಿಂತ ಮೊದಲು ಕಲಿಯಬೇಕಾದದ್ದು ಮರ್ಯಾದೆಯ ವ್ಯಾಕರಣ. ಕನ್ನಡದಲ್ಲಿ ಗೌರವ ಕ್ರಿಯಾಪದದ ಬಾಲದಲ್ಲಿರುತ್ತದೆ: ‘ಕಳಿಸು’ ಅಪಮಾನ, ‘ಕಳಿಸಿ ಸರ್’ ಸಾಕಷ್ಟು ವಿನಯ, ಹಿರಿಯ ಆಪರೇಟರಿಗೆ ‘ಕಳಿಸಣ್ಣ’ ಎಂದರೆ ಸಲುಗೆಯೂ ಗೌರವವೂ ಒಟ್ಟಿಗೆ. ಇಂಗ್ಲಿಷಿನ ಕ್ರಿಯಾಪದಕ್ಕೆ ಆ ಬಾಲವಿಲ್ಲ. ಅದು ವಿನಯವನ್ನು ಪ್ರಶ್ನೆಯ ರೂಪದಲ್ಲಿ, ‘ಕುಡ್’, ‘ವುಡ್’ಗಳಲ್ಲಿ ತೋರಿಸುತ್ತದೆ. ‘ಇವತ್ತೇ ಕಳಿಸಿ’ ಎಂಬ ಸಭ್ಯ ಮಾತು ‘ಟುಡೇ ಇಟ್‌ಸೆಲ್ಫ್ ಸೆಂಡ್’ ಆದಾಗ ಅಪ್ಪಣೆಯಾಗಿ ಕೇಳಿಸುತ್ತದೆ. ಅದನ್ನು ಸರಿಪಡಿಸಲು ಮುಂದೆ ಒಂದು ‘ಕೈಂಡ್ಲಿ’, ಕೊನೆಗೆ ‘ಡೂ ದ ನೀಡ್‌ಫುಲ್’ ಸೇರಿಸಿದರೆ ಹಳೆಯ ಸರ್ಕಾರಿ ಕಾಗದದ ವಾಸನೆ ಬರುತ್ತದೆ. ಇನ್ನೂ ಗಂಭೀರವಾದದ್ದು ‘ಆಗ್ತದೆ ಸರ್’ ಎಂಬ ಉತ್ತರ. ಅದರಲ್ಲಿ ಪ್ರಯತ್ನಿಸುತ್ತೇನೆ, ನಿಮ್ಮ ಮಾತು ಕೇಳಿಸಿಕೊಂಡೆ, ಈಗ ಇಲ್ಲ ಎನ್ನಲು ಮನಸ್ಸಿಲ್ಲ ಎಂಬ ಮೂರು ಅರ್ಥಗಳಿವೆ, ಧಾಟಿಯಿಂದ ಊರವರಿಗೆ ಗೊತ್ತಾಗುತ್ತದೆ. ‘ಇಟ್ ವಿಲ್ ಬಿ ಡನ್’ ಎಂದು ಬರೆದೊಡನೆ ಮೂರೂ ಅಳಿಸಿ ಒಂದು ವಚನ ಉಳಿಯುತ್ತದೆ.

ಇದನ್ನು ಕಲಿಯಲು ಈ ನೆಲದವರಿಗೆ ಆಗದು ಎನ್ನುವವರು ಹಂಪಿಯನ್ನು ನೋಡಬಹುದು. ಅಲ್ಲಿಯ ಸ್ಮಾರಕಗಳು 1986ರಲ್ಲಿ ವಿಶ್ವಪರಂಪರೆಯ ಪಟ್ಟಿ ಸೇರಿದವು. ವಿದೇಶಿಯರ ಜೊತೆ ದಿನವಿಡೀ ಮಾತಾಡುವ ಗೈಡುಗಳು, ಆಟೊ ಓಡಿಸುವವರು, ವಿರೂಪಾಪುರ ಗಡ್ಡೆಯಲ್ಲಿ 2020ರವರೆಗೆ ನಡೆದ ಅತಿಥಿಗೃಹಗಳವರು ಇಂಗ್ಲಿಷನ್ನು ಕಿವಿಯಿಂದ ಕಲಿತವರು. ಅವರಲ್ಲಿ ದೋಣಿಮಲೈಗೆ ನೇರ ಉಲ್ಟಾ ಸ್ಥಿತಿ: ಕ್ರಿಯಾಪದಗಳು ಚುರುಕು, ಎರಡು ತುಂಡಿನವೂ ಸಲೀಸು, ಚೌಕಾಸಿಗೆ ಬೇಕಾದ ಎಲ್ಲ ವರಸೆಗಳೂ ನಾಲಗೆಯ ತುದಿಯಲ್ಲಿ, ಬರವಣಿಗೆ ಮಾತ್ರ ಬಡವಾಗಿರಬಹುದು. ಕಂಪ್ಲಿಯ ಭತ್ತದ ಬಯಲಿನಲ್ಲಿ ಇವೆರಡೂ ಇಲ್ಲ. ತುಂಗಭದ್ರಾ ಕಾಲುವೆಯ ನೀರಿನ ಜೊತೆ ಬಂದು ನೆಲೆಸಿದವರ ಊರುಗಳಿಗೆ ಅಂಟಿದ ‘ಕ್ಯಾಂಪ್’ ಎಂಬ ಹೆಸರೇ ಅಲ್ಲಿ ಎದ್ದು ಕಾಣುವ ಇಂಗ್ಲಿಷ್ ಗುರುತು. ಒಂದೇ ಸೀಮೆಯೊಳಗೆ ಇಷ್ಟು ವ್ಯತ್ಯಾಸವಿದೆ ಎಂದರೆ ಕಾರಣ ಜನರ ಬುದ್ಧಿಯಲ್ಲಿಲ್ಲ, ಭಾಷೆ ಬಂದ ಬಾಗಿಲಿನಲ್ಲಿದೆ.

ಗಣಿಯ ಬಾಗಿಲು ಇಂದಿಗೂ ಕಾಗದದ್ದೇ, ಕಾಗದ ಈಗ ಪರದೆಯಾಗಿದೆ. ಪರ್ಮಿಟ್, ತೂಕ, ಟ್ರಿಪ್ ಎಲ್ಲವೂ ಆನ್‌ಲೈನ್ ನಮೂನೆಗಳಲ್ಲಿ ಭರ್ತಿಯಾಗುತ್ತವೆ, ನಮೂನೆ ಕೇಳುವುದು ಮತ್ತೆ ಹೆಸರು, ಸಂಖ್ಯೆ, ದಿನಾಂಕ. ಎಲ್ಲ ಸರಿಯಾಗಿ ನಡೆದ ದಿನ ಯಾರೂ ಪೂರ್ತಿ ವಾಕ್ಯ ಬರೆಯಬೇಕಿಲ್ಲ. ಬರೆಯಬೇಕಾಗುವುದು ಏನಾದರೂ ಕೆಟ್ಟಾಗ: ರೇಕು ತಡವಾದಾಗ, ಡಂಪರ್ ಬೆಂಚಿನ ಅಂಚಿಗೆ ಜಾರಿದಾಗ, ಗೈರುಹಾಜರಿಗೆ ಶೋಕಾಸ್ ನೋಟಿಸ್ ಬಂದಾಗ. ಆ ಉತ್ತರಕ್ಕೆ ಏನು ಮೊದಲು ನಡೆದಿತ್ತು, ಏನು ಆಮೇಲೆ ನಡೆಯಿತು ಎಂದು ಬೇರ್ಪಡಿಸುವ ಕಾಲರೂಪ ಬೇಕು. ಹೀಗೆ ಮಾಡಿದ್ದರೆ ಹೀಗಾಗುತ್ತಿರಲಿಲ್ಲ ಎನ್ನುವ ಷರತ್ತಿನ ವಾಕ್ಯ ಬೇಕು. ವಿಷಾದ ಹೇಳಿಯೂ ತಪ್ಪು ಒಪ್ಪಿಕೊಳ್ಳದಿರುವ ಜಾಣ್ಮೆ ಬೇಕು. ಪದಪಟ್ಟಿಯಲ್ಲಿ ಇವು ಯಾವುವೂ ಸಿಗುವುದಿಲ್ಲ. ಹಾಗಾಗಿ ನೌಕರ ಆ ನೋಟಿಸನ್ನು ಹಿಡಿದುಕೊಂಡು ಯೂನಿಯನ್ ಕಚೇರಿಯಲ್ಲಿ ಇಂಗ್ಲಿಷ್ ಡ್ರಾಫ್ಟ್ ಮಾಡಿಕೊಡುವವರನ್ನು ಹುಡುಕಬೇಕಾಗುತ್ತದೆ.